ಎರೆಹುಳುವೂ ಕಪ್ಪೆಯೂ ಪಾಠಶಾಲೆಗೆ ಬಂದ ಬಗೆ

ಜೀವಶಾಸ್ತ್ರದಲ್ಲಿ ಯಾವುದಾದರೊಂದು ವಿಷಯವನ್ನು ಆರಿಸಿಕೊಂಡು ತರಗತಿಯ ಮುಂದೆ ನಿಂತು ವಿವರಿಸಬೇಕೆಂದು ಉಪಾಧ್ಯಾಯರು ಅಪ್ಪಣೆಮಾಡಿದಾಗ, ವಿದ್ಯಾರ್ಥಿಯ ಮನಸ್ಸು ದೂರದ, ಬೃಹತ್ತಾದ, ಹೆಸರುವಾಸಿಯಾದ ವಸ್ತುಗಳ ಕಡೆಗೇ ಹರಿಯುವುದು ಸಹಜವಾಗಿದೆ. ಡೈನೋಸಾರುಗಳ ಅಳಿವು, ಅರ್ಬುದರೋಗ, ಆನುವಂಶಿಕತೆಯ ರಹಸ್ಯ, ಮಹಾಸಾಗರದ ತಿಮಿಂಗಿಲ ಇವೆಲ್ಲವೂ ಘನವಾದ ವಿಷಯಗಳೇ ಸರಿ. ಆದರೆ ಅವುಗಳ ವಿಚಾರದಲ್ಲಿ ಆ ಹುಡುಗನಾಗಲಿ ಹುಡುಗಿಯಾಗಲಿ ಸ್ವತಃ ಕಂಡು ಹೇಳಬಹುದಾದದ್ದು ಏನೂ ಇಲ್ಲದಿರುವುದರಿಂದ, ಪುಸ್ತಕದಿಂದ ಇಳಿಸಿಕೊಂಡ ವಾಕ್ಯಗಳನ್ನು ಒಪ್ಪಿಸುವುದರಲ್ಲಿಯೇ ಆ ಉಪನ್ಯಾಸವು ಮುಗಿದುಹೋಗುತ್ತದೆ. ಹಿತ್ತಿಲಿನ ಎರೆಹುಳುವಾಗಲಿ ಕೆರೆಯಂಚಿನ ಕಪ್ಪೆಯಾಗಲಿ ಶಾಸ್ತ್ರಾಧ್ಯಯನಕ್ಕೆ ಯೋಗ್ಯವಾದ ವಸ್ತುವೆಂಬ ನಂಬಿಕೆಯು ವಿದ್ಯಾಲಯಗಳಲ್ಲಿ ತಾನಾಗಿ ಹುಟ್ಟಿದುದಲ್ಲ. ಅದನ್ನು ನೆಲೆಗೊಳಿಸುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೆಲವರು ಮಹನೀಯರು ಬಹಳವಾಗಿ ಶ್ರಮಿಸಬೇಕಾಯಿತು.

ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ಥಾಮಸ್ ಹೆನ್ರಿ ಹಕ್ಸ್‌ಲಿಯವರದು. ತಾರುಣ್ಯದಲ್ಲಿ ರ‍್ಯಾಟಲ್‌ಸ್ನೇಕ್ ಎಂಬ ನೌಕೆಯಲ್ಲಿ ಉಪವೈದ್ಯರಾಗಿ ದಕ್ಷಿಣದ ಸಮುದ್ರಗಳನ್ನು ಸುತ್ತಿಬಂದು, ಲಂಡನ್ನಿನಲ್ಲಿ ಅಧ್ಯಾಪಕರಾಗಿ ನೆಲಸಿದ ಈ ವಿದ್ವಾಂಸರು, ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಪಾಠ ಹೇಳುವುದನ್ನು ತಮ್ಮ ಸಂಶೋಧನೆಯಷ್ಟೇ ಗೌರವದ ಕಾರ್ಯವೆಂದು ಬಗೆದಿದ್ದರು. 1861ರಲ್ಲಿ ಸಮುದ್ರದ ದೊಡ್ಡ ಸೀಗಡಿಯಾದ ಲಾಬ್‌ಸ್ಟರ್ ಒಂದನ್ನೇ ಎದುರಿಗಿಟ್ಟುಕೊಂಡು ಪ್ರಾಣಿಶಾಸ್ತ್ರವೆಂದರೇನೆಂಬುದನ್ನು ಉಪನ್ಯಾಸವೊಂದರಲ್ಲಿ ವಿವರಿಸಿದರು. 1868ರಲ್ಲಿ ನಾರ್ವಿಚ್ ನಗರದ ಶ್ರಮಜೀವಿಗಳ ಮುಂದೆ ಬಡಗಿಯ ಜೇಬಿನಲ್ಲಿರುವಂತಹ ಸೀಮೆಸುಣ್ಣದ ತುಂಡೊಂದನ್ನು ಹಿಡಿದು, ಸತ್ತು ಸಮುದ್ರತಳದಲ್ಲಿ ರಾಶಿಬಿದ್ದ ಸೂಕ್ಷ್ಮಜೀವಿಗಳ ಅಸಂಖ್ಯಾತ ಚಿಪ್ಪುಗಳ ಕಥೆಯನ್ನು ಅದರಿಂದಲೇ ಹೊರಡಿಸಿದರು. ವಿಷಯವು ಚಿಕ್ಕದಾದಷ್ಟೂ ಅದರ ಮೂಲಕ ಕಾಣುವ ಪ್ರಪಂಚವು ದೊಡ್ಡದಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆ.

ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವು 1870ರಲ್ಲಿ ಜಾರಿಗೆ ಬಂದ ಬಳಿಕ, ಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಬಲ್ಲ ಉಪಾಧ್ಯಾಯರೇ ಇಲ್ಲವೆಂಬ ಕೊರತೆಯು ಎಲ್ಲರ ಕಣ್ಣಿಗೂ ಬಿದ್ದಿತು. ಮರುವರ್ಷದ ಬೇಸಗೆಯಲ್ಲಿ ಹಕ್ಸ್‌ಲಿಯವರು ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಶಾಲೋಪಾಧ್ಯಾಯರಿಗಾಗಿಯೇ ಒಂದು ಶಿಕ್ಷಣಕ್ರಮವನ್ನು ಆರಂಭಿಸಿ, ಉಪನ್ಯಾಸದಲ್ಲಿ ಕೇಳಿದುದನ್ನು ಉಪಾಧ್ಯಾಯರು ಮೇಜಿನ ಮೇಲಿನ ಪ್ರಾಣಿಯಲ್ಲಿಯೂ ಸಸ್ಯದಲ್ಲಿಯೂ ತಾವೇ ಕಂಡುಕೊಳ್ಳುವಂತೆ ವಿಧಿಸಿದರು. ಕೆಲವೇ ವಾರಗಳ ಅವಧಿಯಲ್ಲಿ ಜೀವಪ್ರಪಂಚವನ್ನೆಲ್ಲ ತೋರಿಸುವುದು ಅಸಾಧ್ಯವಾದುದರಿಂದ ಆಯ್ಕೆಯು ಅನಿವಾರ್ಯವಾಯಿತು. ಸಾವಿರ ಜೀವಿಗಳ ಹೆಸರನ್ನು ಬಲ್ಲವನಿಗಿಂತ ಹತ್ತು ಜೀವಿಗಳನ್ನು ಒಳಹೊರಗೂ ಬಲ್ಲವನು ಶಾಸ್ತ್ರಕ್ಕೆ ಹತ್ತಿರದವನೆಂಬ ನಿಶ್ಚಯವು ಆ ಆಯ್ಕೆಯ ಬೆನ್ನಿಗಿತ್ತು. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವನ್ನು ನಮ್ಮ ಶಾಸ್ತ್ರಕಾರರು ಬಹುಕಾಲದಿಂದ ಬಲ್ಲವರೇ ಆಗಿದ್ದರಷ್ಟೆ.

ಹೆನ್ರಿ ನ್ಯೂವೆಲ್ ಮಾರ್ಟಿನ್ ಎಂಬ ಸಹಾಯಕರೊಡನೆ ಹಕ್ಸ್‌ಲಿಯವರು 1875ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಜೀವಶಾಸ್ತ್ರದ ಪಠ್ಯವು ಈ ಕ್ರಮದ ಫಲ. ಅದು ಹುದುಗು ಬರಿಸುವ ಯೀಸ್ಟಿನಿಂದ ಹೊರಟು, ಅಮೀಬ, ಬ್ಯಾಕ್ಟೀರಿಯ, ಬೂಷ್ಟು, ಜರೀಗಿಡ, ಅವರೆಯ ಬಳಗದ ಗಿಡ, ಹೈಡ್ರಾ, ಕಪ್ಪೆಚಿಪ್ಪಿನ ಪ್ರಾಣಿ, ಸಿಹಿನೀರಿನ ಕ್ರೇಫಿಷ್ ಮುಂತಾದವುಗಳನ್ನು ದಾಟಿ, ಕಟ್ಟಕಡೆಗೆ ಕಪ್ಪೆಯನ್ನು ತಲಪುತ್ತಿದ್ದಿತು. ಸರಳವಾದುದರಿಂದ ಜಟಿಲವಾದುದಕ್ಕೆ ಏರುವ ಈ ಸೋಪಾನವು ತರ್ಕಕ್ಕೆ ಎಷ್ಟು ಒಪ್ಪುವಂತಹುದಾಗಿದ್ದರೂ, 1888ರಲ್ಲಿ ಪರಿಷ್ಕೃತ ಮುದ್ರಣವು ಹೊರಬಂದಾಗ ಅದು ತಲೆಕೆಳಗಾಗಿ, ಕಪ್ಪೆಯೇ ಮೊದಲನೆಯ ಪಾಠವಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಎಂದೂ ಕಾಣದ ಕಣವನ್ನು ಕಂಡು ತಬ್ಬಿಬ್ಬಾಗುವುದಕ್ಕಿಂತ, ಮೂಳೆ, ಹೃದಯ, ಕಣ್ಣು, ಕಾಲುಗಳನ್ನು ತನ್ನಂತೆಯೇ ಹೊಂದಿರುವ ಪ್ರಾಣಿಯಿಂದ ಹೊರಡುವುದೇ ಹೊಸಬನಿಗೆ ಸುಲಭವೆಂಬುದನ್ನು ವರ್ಷಗಟ್ಟಲೆಯ ಬೋಧನೆಯು ಹಕ್ಸ್‌ಲಿಯವರಿಗೆ ಕಲಿಸಿದ್ದಿತು. ಶಾಸ್ತ್ರದ ಕ್ರಮವೇ ಬೇರೆ, ಕಲಿಯುವವನ ಕ್ರಮವೇ ಬೇರೆ ಎಂಬುದನ್ನು ಒಪ್ಪಿಕೊಂಡು ತಮ್ಮ ಪ್ರಸಿದ್ಧವಾದ ಗ್ರಂಥವನ್ನೇ ತಿರುಗಿಸಿಡಲು ಸಮ್ಮತಿಸಿದ ಈ ವಿನಯವು, ಅವರ ಎಷ್ಟೋ ವಾಗ್ವಾದಗಳಿಗಿಂತ ಹೆಚ್ಚಾಗಿ ನನ್ನ ಗೌರವವನ್ನು ಪಡೆದಿದೆ.

ಇದೇ ದಶಕಗಳಲ್ಲಿ ಚಾರ್ಲ್ಸ್ ಡಾರ್ವಿನ್ನರು ಯಾವ ಶಾಲೆಗಾಗಿಯೂ ಅಲ್ಲದೆ, ತಮ್ಮ ಮನೆಯ ಸುತ್ತಲಿನ ಹೊಲದಲ್ಲಿ ಎರೆಹುಳುವನ್ನು ನೋಡುತ್ತಲಿದ್ದರು. ಹುಲ್ಲುಗಾವಲಿನ ಮೇಲೆ ಹರಡಿದ ಸುಣ್ಣವೂ ಬೂದಿಯೂ ಕೆಲವು ವರ್ಷಗಳಲ್ಲಿ ನೆಲದೊಳಕ್ಕೆ ಇಳಿದುಹೋಗುವುದನ್ನು ಸೋದರಮಾವ ಜೋಸಯ ವೆಜ್‌ವುಡ್ಡರು ತೋರಿಸಿಕೊಟ್ಟುದರಿಂದ ಪ್ರೇರಿತರಾಗಿ, ಅದು ಎರೆಹುಳುಗಳ ಕೆಲಸವೆಂಬ ಪ್ರಬಂಧವನ್ನು 1837ರಲ್ಲಿ ಭೂವಿಜ್ಞಾನ ಸಂಘದ ಮುಂದೆ ಓದಿದರು. ಅಷ್ಟಕ್ಕೆ ತೃಪ್ತರಾಗದೆ 1842ರಲ್ಲಿ ಡೌನ್ ಗ್ರಾಮದ ತಮ್ಮ ಮನೆಯ ಬಳಿಯ ಹೊಲವೊಂದರ ಮೇಲೆ ಸೀಮೆಸುಣ್ಣದ ತುಂಡುಗಳನ್ನು ಹರಡಿಸಿ, 29 ವರ್ಷಗಳ ಮೇಲೆ ಅಲ್ಲಿ ಕಾಲುವೆ ತೋಡಿಸಿದಾಗ, ಆ ಬಿಳಿಯ ಸಾಲು ನೆಲದಿಂದ 7 ಅಂಗುಲ ಕೆಳಗೆ ಕಾಣಿಸಿತು. ಕುಂಡಗಳಲ್ಲಿ ಸಾಕಿದ ಹುಳುಗಳ ಎದುರಿಗೆ ಸಿಳ್ಳು ಊದಿಸಿ, ಪಿಯಾನೊ ನುಡಿಸಿ, ಅವು ಶಬ್ದಕ್ಕೆ ಕಿವುಡಾದರೂ ಕುಂಡವನ್ನು ಪಿಯಾನೊವಿನ ಮೇಲೆಯೇ ಇಟ್ಟರೆ ಅದರ ಕಂಪನಕ್ಕೆ ಹೆದರಿ ಬಿಲಕ್ಕೆ ಸರಿಯುತ್ತವೆಂಬುದನ್ನು ಕಂಡರು. ಬಿಲದ ಬಾಯಿಗೆ ಎಲೆಯನ್ನು ಯಾವ ತುದಿಯಿಂದ ಎಳೆದುಕೊಳ್ಳುತ್ತವೆಂದು ತಿಳಿಯಲು ಕಾಗದದ ತ್ರಿಕೋನಗಳನ್ನು ಕತ್ತರಿಸಿ ಹಾಕಿ ಪರೀಕ್ಷಿಸಿದರು. ಈ ಪರೀಕ್ಷೆಗಳಲ್ಲಿ ಹತ್ತು ವರ್ಷದ ಮಗುವಿನಿಂದ ಆಗದಂತಹುದು ಯಾವುದಿದೆ? 1881ರಲ್ಲಿ, ಮರಣಕ್ಕೆ ಕೆಲವೇ ತಿಂಗಳ ಮುಂಚೆ, ಇವನ್ನೆಲ್ಲ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಅನೇಕ ಭಾಗಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ 10 ಟನ್ನಿಗೂ ಹೆಚ್ಚಾದ ಮಣ್ಣು ಈ ಹುಳುಗಳ ಒಡಲನ್ನು ಹಾದು ಮೇಲಕ್ಕೆ ಬರುತ್ತದೆಂಬುದು ಅವರ ಗಣನೆ.

ಅಮೆರಿಕದಲ್ಲಿ ಲೂಯಿ ಅಗಾಸಿಯವರು 1873ರ ಬೇಸಗೆಯಲ್ಲಿ ಪೆನಿಕೀಸ್ ದ್ವೀಪದಲ್ಲಿ ಶಿಕ್ಷಕರನ್ನೂ ಶಿಕ್ಷಕಿಯರನ್ನೂ ಕೂಡಿಸಿ ಪುಸ್ತಕವಿಲ್ಲದೆ ಪ್ರಕೃತಿಯನ್ನೇ ಓದುವ ಶಾಲೆಯನ್ನು ನಡೆಸಿದರು. ಕಾರ್ನೆಲ್ ವಿಶ್ವವಿದ್ಯಾನಿಲಯದ ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕರ ಪ್ರಕೃತಿ ಪರಿಶೀಲನೆಯ ಕೈಪಿಡಿಯು 1911ರಲ್ಲಿ ಪ್ರಕಟವಾಗಿ ಹಳ್ಳಿಯ ಶಾಲೆಗಳವರೆಗೆ ಹೋಯಿತು.

ಭಾರತಕ್ಕೆ ಈ ಪದ್ಧತಿಯು ಬಂದುದು ಆಂಗ್ಲ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮದ ಜೊತೆಯಲ್ಲಿ. ಬಂದೊಡನೆಯೇ ತೊಡಕೊಂದು ತಲೆದೋರಿತು. ಹಕ್ಸ್‌ಲಿಯವರು 1880ರಲ್ಲಿ ಒಂದು ಸಮಗ್ರ ಗ್ರಂಥವನ್ನೇ ಮುಡಿಪಾಗಿಟ್ಟ ಕ್ರೇಫಿಷ್ ನಮ್ಮ ಹೊಳೆಗಳಲ್ಲಿ ಸಹಜವಾಗಿ ಇಲ್ಲವೇ ಇಲ್ಲ. ಯೂರೋಪಿನ ಎರೆಹುಳುವಿನ ರಚನೆಯೇ ಬೇರೆ, ನಮ್ಮದರ ರಚನೆಯೇ ಬೇರೆ. ಹತ್ತಿರದ ಜೀವಿಯನ್ನು ನೋಡಿ ಕಲಿಯಬೇಕೆಂಬ ಪದ್ಧತಿಯೇ ಇಲ್ಲಿ ದೂರದೇಶದ ಜೀವಿಯ ವರ್ಣನೆಯನ್ನು ಕಂಠಪಾಠಮಾಡಿಸುವ ಪದ್ಧತಿಯಾಗಿ ಮಾರ್ಪಟ್ಟುದು ಎಂತಹ ದುರ್ದೈವ! ಇದನ್ನು ಸರಿಪಡಿಸಲು ಲಖನೌ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೆ. ಎನ್. ಬಹ್ಲ್ ಅವರು ಭಾರತೀಯ ಪ್ರಾಣಿಗಳ ಮೇಲೆಯೇ ಒಂದು ಗ್ರಂಥಮಾಲೆಯನ್ನು ಆರಂಭಿಸಿ, 1926ರಲ್ಲಿ ಅದರ ಮೊದಲನೆಯ ಸಂಪುಟವನ್ನು ಫೆರೆಟಿಮ ಎಂಬ ನಮ್ಮ ಎರೆಹುಳುವಿಗೆ ಮೀಸಲಾಗಿಟ್ಟರು. ಕ್ರೇಫಿಷ್ ಇದ್ದ ಸ್ಥಾನವನ್ನು ನಮ್ಮ ಹೊಳೆಯ ಸೀಗಡಿಯು ಪಡೆಯಿತು; ಸಸ್ಯಶಾಸ್ತ್ರದ ತರಗತಿಗೆ ಹಿತ್ತಿಲಿನ ದಾಸವಾಳವು ಬಂದಿತು.

ಆದರೂ ನಮೂನೆಯೆಂದು ಒಮ್ಮೆ ಗೊತ್ತಾದ ಜೀವಿಯು ಪರೀಕ್ಷೆಯ ಪ್ರಶ್ನೆಯಾಗಿ ಗಟ್ಟಿಗೊಳ್ಳುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ತಲೆಮಾರುಗಳ ವಿದ್ಯಾರ್ಥಿಗಳು ಕಪ್ಪೆಯ ರಕ್ತನಾಳಗಳನ್ನು ಬಣ್ಣದ ಸೀಸದಕಡ್ಡಿಗಳಿಂದ ಚಿತ್ರಿಸಿದರೇ ಹೊರತು, ಮಳೆಗಾಲದ ರಾತ್ರಿಯಲ್ಲಿ ಅದು ಯಾವ ನೀರಿನಲ್ಲಿ ಕೂಗುತ್ತದೆ, ಮೊಟ್ಟೆಯನ್ನು ಎಲ್ಲಿಡುತ್ತದೆ ಎಂಬುದನ್ನು ನೋಡಲು ಯಾರೂ ಅವರನ್ನು ಕಳುಹಿಸಲಿಲ್ಲ. ಗದ್ದೆಗಳ ಕಪ್ಪೆಗಳು ಕಾಲಿನ ಮಾಂಸಕ್ಕಾಗಿ ಪರದೇಶಗಳಿಗೆ ರಫ್ತಾಗುತ್ತಿದ್ದುದು 1987ರಲ್ಲಿ ನಿಷಿದ್ಧವಾಯಿತು. 2011ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕಾಲೇಜುಗಳಲ್ಲಿ ಪ್ರಾಣಿಚ್ಛೇದನವನ್ನು ಹಂತಹಂತವಾಗಿ ಕಡಮೆಮಾಡಬೇಕೆಂದು ಸೂಚಿಸಿತು. ಜೀವಂತವಾದ ಕಪ್ಪೆಯನ್ನು ಅದರ ನೆಲೆಯಲ್ಲಿಯೇ ನೋಡುವ ಅವಕಾಶವನ್ನು ಈ ಎರಡು ಕ್ರಮಗಳು ನಮಗೆ ಮರಳಿ ಕೊಟ್ಟಿವೆಯೆಂದು ನಾನು ಸಂತೋಷಪಡುತ್ತೇನೆ.

ಕನ್ನಡದಲ್ಲಿ ಈ ಬಗೆಯ ನೋಟಕ್ಕೆ ಭಾಷೆಯನ್ನು ಸಿದ್ಧಪಡಿಸಿದವರನ್ನು ಇಲ್ಲಿ ಸ್ಮರಿಸದಿರುವುದು ಕೃತಘ್ನತೆಯಾದೀತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಬೆಂಗಳೂರಿನಿಂದ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯು ಎರಡು ವರ್ಷಗಳಷ್ಟೇ ಬಾಳಿದರೂ, ಶಾಸ್ತ್ರವಿಷಯವನ್ನು ನಮ್ಮ ಮಾತಿನಲ್ಲಿ ಹೇಳಬಹುದೆಂಬುದನ್ನು ಸಿದ್ಧಮಾಡಿತು. ಶಿವರಾಮ ಕಾರಂತರ ‘ಬಾಲಪ್ರಪಂಚ’ವು 1936ರಲ್ಲಿ ಮಕ್ಕಳ ಕೈಗೆ ಬಂದಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಗಳನ್ನು ಅಲೆದ ಅನುಭವದಿಂದ ಹುಟ್ಟಿದ ‘ಹಸುರು ಹೊನ್ನು’, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಅದರಲ್ಲಿ ಪ್ರತಿಯೊಂದು ಗಿಡವೂ ತಾನು ಬೆಳೆದ ಇಳಿಜಾರಿನೊಡನೆ, ಅದನ್ನು ಕಿತ್ತುತಂದ ಹುಡುಗರ ಹರಟೆಯೊಡನೆ ಓದುಗನ ಮುಂದೆ ನಿಲ್ಲುತ್ತದೆ.

1993ರಿಂದ ದೇಶದಾದ್ಯಂತ ನಡೆಯುತ್ತ ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶವು ಈ ಪರಂಪರೆಯ ಈಚಿನ ಕೊಂಡಿ. ಕರ್ನಾಟಕದಲ್ಲಿ ಅದರ ಭಾರವನ್ನು ರಾಜ್ಯ ವಿಜ್ಞಾನ ಪರಿಷತ್ತು ಹೊತ್ತಿತು. ಹತ್ತರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ಒಟ್ಟುಗೂಡಿ ತಮ್ಮ ಊರಿನದೇ ಆದ ಒಂದು ಸಮಸ್ಯೆಯನ್ನು ಆರಿಸಿಕೊಂಡು, ತಿಂಗಳುಗಟ್ಟಲೆ ಪರಿಶೀಲಿಸಿ, ತಮ್ಮ ಭಾಷೆಯಲ್ಲಿಯೇ ವರದಿಯನ್ನು ಬರೆದು ಮಂಡಿಸುತ್ತಾರೆ. ಕೆರೆಗೆ ಬಂದ ಅಂತರಗಂಗೆಯಾಗಲಿ, ಗದ್ದೆಯ ಬದುವಿನ ಕೀಟಗಳಾಗಲಿ, ಗೊಬ್ಬರದ ಗುಂಡಿಯ ಹುಳುಗಳಾಗಲಿ ವಿಷಯವಾದಾಗ, ಎಲ್ಲಿ ನೋಡಿದಿರಿ, ಹೇಗೆ ಎಣಿಸಿದಿರಿ, ಮಳೆ ಬಿದ್ದ ಮೇಲೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಆ ಮಕ್ಕಳಲ್ಲದೆ ಬೇರೆ ಯಾರೂ ಉತ್ತರಿಸಲಾರರು.