ಕಿಂಡಿಯ ಅಳತೆ

ಚಿತ್ರದುರ್ಗದ ಕೋಟೆಯನ್ನು ಕಾಣಲು ಹೋದವರು ಒನಕೆ ಓಬವ್ವನ ಕಿಂಡಿಯನ್ನು ನೋಡದೆ ಹಿಂದಿರುಗುವುದು ಅಪರೂಪ. ಏಳು ಸುತ್ತಿನ ಆ ಕೋಟೆಯ ಹೆಬ್ಬಾಗಿಲುಗಳ ಮುಂದೆ ಅದು ತೀರ ಅಲ್ಪವಾದ ಸಂದು. ಮನುಷ್ಯನೊಬ್ಬನು ಮೈ ಮುದುರಿಕೊಂಡು ನುಸುಳಬಹುದು, ಅಷ್ಟೆ. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದ್ದಾಗ ಆ ಸಂದಿನಲ್ಲಿ ಒಬ್ಬೊಬ್ಬನಾಗಿ ತೂರಿಬಂದ ಸೈನಿಕರನ್ನು ಕಾವಲುಗಾರನ ಹೆಂಡತಿ ಒನಕೆಯಿಂದಲೇ ಮುಗಿಸಿದಳೆಂಬ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ಓಬವ್ವನ ಧೈರ್ಯವನ್ನು ಕೊಂಡಾಡುವಾಗ ಅದರೊಳಗಿನ ಒಂದು ಲೆಕ್ಕವನ್ನು ನಾವು ಗಮನಿಸುವುದಿಲ್ಲ. ಹೊರಗೆ ನಿಂತಿದ್ದ ದಂಡು ಎಷ್ಟೇ ದೊಡ್ಡದಿರಲಿ, ಅದು ಒಳಗೆ ಬರುವ ವೇಗವನ್ನು ಗೊತ್ತುಮಾಡಿದ್ದು ಆ ಕಿಂಡಿ.

ಕೋಟೆ ಕೊತ್ತಲಗಳ ಈ ಮಾತನ್ನು ಕಂಪ್ಯೂಟರಿನ ಮಾತಿಗೆ ತಂದು ನಿಲ್ಲಿಸಿದರೆ ಓದುಗರು ನಗಬಾರದು. ಹೊಳಲ್ಕೆರೆಯ ಒಂದು ಸಾಧಾರಣ ಸಂಸಾರವನ್ನು ಊಹಿಸಿಕೊಳ್ಳೋಣ. ಮಗನ ಓದಿಗೆಂದು ತಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಯಾವುದೋ ಕಚೇರಿಯಲ್ಲಿ ದುಡಿದು ದಣಿದ ಕಂಪ್ಯೂಟರೊಂದನ್ನು ಅಗ್ಗದ ಬೆಲೆಗೆ ತಂದಿದ್ದಾನೆ. ಮಗ ಓದುವುದೂ ಉಂಟು, ಆಡುವುದೂ ಉಂಟು. ಹೊಸ ಆಟಗಳು ಆ ಯಂತ್ರದಲ್ಲಿ ತಡವರಿಸುತ್ತವೆ. ಚಿತ್ರಗಳನ್ನು ರಚಿಸಿ ಪರದೆಗೆ ಕಳುಹಿಸುವ ಗ್ರಾಫಿಕ್ಸ್ ಕಾರ್ಡೊಂದನ್ನು ಹಾಕಿಸಿದರೆ ಎಲ್ಲವೂ ಸರಿಹೋದೀತೆಂದು ಹುಡುಗನ ನಂಬಿಕೆ. ಕಾರ್ಡಿನ ಬೆಲೆಯಾದರೋ ಕೆಲವು ವೇಳೆ ಯಂತ್ರದ ಬೆಲೆಯನ್ನೇ ಮೀರುವಂಥದು. “ಅಷ್ಟು ದುಡ್ಡು ಸುರಿದ ಮೇಲೆ ಈ ಹಳೇ ಗಾಡಿ ಅದನ್ನು ಎಳೆದೀತೇನಪ್ಪಾ?” ಎಂದು ತಂದೆ ಕೇಳುತ್ತಾನೆ. ಕೇಳಿದ್ದು ಜಿಪುಣತನದಿಂದಲ್ಲ. ಆ ಪ್ರಶ್ನೆಗೆ ನಾಲ್ಕು ದಶಕಗಳ ಇತಿಹಾಸವಿದೆ.

1981ರಲ್ಲಿ ಐಬಿಎಂ ಕಂಪೆನಿಯ ಪರ್ಸನಲ್ ಕಂಪ್ಯೂಟರು ಹೊರಬಂದಾಗ ಅದರೊಳಗೆ ವಿದ್ಯುತ್ತನ್ನು ಹಂಚುತ್ತಿದ್ದ ಪೆಟ್ಟಿಗೆಯ ಸಾಮರ್ಥ್ಯ ಕೇವಲ 63.5 ವ್ಯಾಟ್. ನಮ್ಮ ಅಂಗಡಿಗಳಲ್ಲಿ ಇಂದು ಎಸ್.ಎಂ.ಪಿ.ಎಸ್. ಎನ್ನುವುದು ಆ ಪೆಟ್ಟಿಗೆಯನ್ನೇ. ಆಗ ಚಿತ್ರದ ಕಾರ್ಡಿಗೆ ಪರದೆಯ ಮೇಲೆ ಅಕ್ಷರಗಳನ್ನೂ ನಾಲ್ಕಾರು ಬಣ್ಣಗಳನ್ನೂ ಮೂಡಿಸುವುದಷ್ಟೇ ಕೆಲಸ. ಅದು ಕೇಳುತ್ತಿದ್ದ ವಿದ್ಯುತ್ತೂ ಅಲ್ಪ. ಆದರೂ ಹೊಂದಿಕೆಯ ತೊಡಕು ಅಂದೇ ತಲೆಯೆತ್ತಿತು. 1983ರಲ್ಲಿ ಹಾರ್ಡ್ ಡಿಸ್ಕನ್ನು ಕೂಡಿಸಿಕೊಂಡು ಬಂದ ಎಕ್ಸ್‌ಟಿ ಯಂತ್ರಕ್ಕೆ ಅದೇ ಕಂಪೆನಿ 130 ವ್ಯಾಟಿನ ಪೆಟ್ಟಿಗೆಯನ್ನು ಕೊಡಬೇಕಾಯಿತು. ಮರುವರ್ಷದ ಎಟಿ ಯಂತ್ರಕ್ಕೆ 192 ವ್ಯಾಟ್. ಹಳೆಯ ಯಂತ್ರದಲ್ಲಿಯೇ ಡಿಸ್ಕನ್ನು ಕೂರಿಸಬಯಸಿದವರು ಪೆಟ್ಟಿಗೆಯ ವಿಚಾರವನ್ನೂ ಮಾಡಬೇಕಾಗಿತ್ತು. ಹೊಸ ಅಂಗವನ್ನು ಕೂಡಿಸುವ ಮೊದಲು ಹಳೆಯ ದೇಹದ ಶಕ್ತಿಯನ್ನು ತಿಳಿಯಬೇಕೆಂಬ ಮೊದಲ ಪಾಠ ಇದು.

ಆಟಗಳಿಗಾಗಿಯೇ ಕಾರ್ಡುಗಳನ್ನು ಕೊಳ್ಳುವ ಕಾಲ ಬಂದುದು 1996ರ ಸುಮಾರಿಗೆ. ಆ ವರ್ಷ ತ್ರೀಡಿಎಫ್‌ಎಕ್ಸ್ ಎಂಬ ಕಂಪೆನಿಯ ವೂಡೂ ಕಾರ್ಡು ಮಾರುಕಟ್ಟೆಗೆ ಬಂದಿತು. ಅದು ಮೊದಲಿದ್ದ ಕಾರ್ಡನ್ನು ಕದಲಿಸದೆ, ಅದರ ಪಕ್ಕದಲ್ಲಿಯೇ ಅತಿಥಿಯಂತೆ ಕುಳಿತು, ಆಟದ ಹೊತ್ತಿನಲ್ಲಿ ಮಾತ್ರ ಪರದೆಯನ್ನು ವಹಿಸಿಕೊಳ್ಳುತ್ತಿತ್ತು. 1999ರಲ್ಲಿ ಎನ್‌ವಿಡಿಯಾ ಕಂಪೆನಿಯ ಜೀಫೋರ್ಸ್ 256 ಬಂದಿತು. ಅಲ್ಲಿಯವರೆಗೆ ಪ್ರೊಸೆಸರು ಮಾಡುತ್ತಿದ್ದ ಗಣಿತದಲ್ಲಿ ಒಂದು ದೊಡ್ಡ ಪಾಲನ್ನು ಕಾರ್ಡೇ ಹೊತ್ತುಕೊಂಡಿತು. ಅತಿಥಿ ಮನೆಯ ಯಜಮಾನಿಕೆಗೆ ಕೈಹಾಕಿದ ದಿನ ಅದು. ಯಜಮಾನನಾದವನ ಊಟವೂ ಹೆಚ್ಚಿತು. 2000ದಲ್ಲಿ ಬಂದ ವೂಡೂ 5 5500 ಕಾರ್ಡಿಗೆ ಸ್ಲಾಟಿನಿಂದ ಬರುವ ವಿದ್ಯುತ್ತು ಸಾಲದೆ, ಡಿಸ್ಕುಗಳಿಗೆಂದು ಇಟ್ಟಿದ್ದ ತಂತಿಯನ್ನು ಅದಕ್ಕೆ ಸಿಕ್ಕಿಸಬೇಕಾಯಿತು. ಅದರ ಹಿರಿಯಣ್ಣನಾಗಬೇಕಿದ್ದ ವೂಡೂ 5 6000 ಕಾರ್ಡಿಗೆ ಗೋಡೆಯ ಪ್ಲಗ್ಗಿನಿಂದಲೇ ಬೇರೆ ವಿದ್ಯುತ್ತನ್ನು ಕೊಡುವ ಯೋಜನೆಯಿತ್ತು. ಆ ಕಾರ್ಡು ಅಂಗಡಿಯ ಮುಖ ಕಾಣಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಕಂಪೆನಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಲು ಒಪ್ಪಿತು.

ಇದಕ್ಕೊಂದು ಕಟ್ಟುಪಾಡು ಬಂದುದು 2004ರಲ್ಲಿ, ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಸ್ಲಾಟು ಮಾರುಕಟ್ಟೆಗೆ ಬಂದಾಗ. ಸ್ಲಾಟಿನ ಮೂಲಕ ಹೆಚ್ಚೆಂದರೆ 75 ವ್ಯಾಟ್. ಅದರ ಮೇಲೆ ಬೇಕಾದರೆ ಎಸ್.ಎಂ.ಪಿ.ಎಸ್.ನಿಂದ ಬೇರೆ ತಂತಿ ಬರಬೇಕು: ಆರು ಪಿನ್ನಿನ ತಂತಿಗೆ 75, ಎಂಟು ಪಿನ್ನಿನದಕ್ಕೆ 150 ವ್ಯಾಟ್. ಈ ಕಟ್ಟನ್ನು ದೊಡ್ಡ ಕಂಪೆನಿಯೂ ಒಮ್ಮೆ ಮೀರಿದ್ದುಂಟು. 2016ರಲ್ಲಿ ಎಎಂಡಿ ಹೊರತಂದ ಆರ್‌ಎಕ್ಸ್ 480 ಕಾರ್ಡು ಸ್ಲಾಟಿನಿಂದಲೇ 75 ವ್ಯಾಟಿಗಿಂತ ಹೆಚ್ಚು ಎಳೆಯುತ್ತಿದೆಯೆಂದು ಪರೀಕ್ಷಕರು ಅಳೆದು ತೋರಿಸಿದರು. ಕೆಲವೇ ದಿನಗಳಲ್ಲಿ ಕಂಪೆನಿ ಹೊಸ ಡ್ರೈವರ್ ತಂತ್ರಾಂಶವನ್ನು ಕೊಟ್ಟು ಅದನ್ನು ಹದಕ್ಕೆ ತಂದಿತು. ಆದರೂ ಹಸಿವು ಬೆಳೆಯುತ್ತಲೇ ಹೋಯಿತು. 2022ರ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವ್ಯಾಟ್; 2025ರ 5090ಕ್ಕೆ 575 ವ್ಯಾಟ್. 1981ರ ಒಂಬತ್ತು ಕಂಪ್ಯೂಟರುಗಳ ಪೆಟ್ಟಿಗೆಗಳನ್ನು ಒಟ್ಟುಗೂಡಿಸಿದರೂ ಈ ಒಂದು ಕಾರ್ಡಿಗೆ ಸಾಲದು.

ಇತಿಹಾಸವೆಂದರೆ ದೊಡ್ಡವರ ಕಥೆ ಮಾತ್ರವಲ್ಲ. ಇದೇ ಕಾಲದಲ್ಲಿ ಇನ್ನೊಂದು ಸಣ್ಣ ಹೊಳೆಯೂ ಹರಿಯಿತು. 2014ರ ಫೆಬ್ರವರಿಯಲ್ಲಿ ಬಂದ ಜಿಟಿಎಕ್ಸ್ 750 ಟಿಐ ಕಾರ್ಡು ಬರೀ 60 ವ್ಯಾಟಿನಲ್ಲಿ, ಬೇರೆ ತಂತಿಯ ಹಂಗಿಲ್ಲದೆ ಸ್ಲಾಟಿನ ವಿದ್ಯುತ್ತಿನಿಂದಲೇ ನಡೆಯುವಂತೆ ರಚಿತವಾಗಿತ್ತು. ಕಚೇರಿಯಿಂದ ನಿವೃತ್ತವಾದ ಎಷ್ಟೋ ಯಂತ್ರಗಳಿಗೆ ಅದು ಎರಡನೆಯ ಜನ್ಮ ಕೊಟ್ಟಿತು. 2016ರ 1050 ಟಿಐ, 2019ರ 1650, 2024ರ ಆರು ಜಿಬಿಯ ಆರ್‌ಟಿಎಕ್ಸ್ 3050 ಇವೆಲ್ಲ ಅದೇ ಮನೆತನದವು. 75 ವ್ಯಾಟಿನ ಗೆರೆಯನ್ನು ದಾಟದವು. ಹೊಳಲ್ಕೆರೆಯ ನಮ್ಮ ಹುಡುಗನಿಗೆ ಸಲ್ಲುವ ವಂಶಾವಳಿ ಇದು.

ಹಾಗಾದರೆ ತಂದೆಯ ಪ್ರಶ್ನೆಗೆ ಉತ್ತರವೇನು? ಮೂರು ಕಡೆ ಅಳತೆ ಹಿಡಿಯಬೇಕು.

ಮೊದಲನೆಯದು ವಿದ್ಯುತ್ತು. ಕಚೇರಿಯ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 240ರಿಂದ 300 ವ್ಯಾಟಿನ ಎಸ್.ಎಂ.ಪಿ.ಎಸ್. ಇರುತ್ತದೆ. ಅನೇಕ ವೇಳೆ ಅದರ ಆಕಾರವೂ ತಂತಿಗಳ ತುದಿಯೂ ಆಯಾ ಕಂಪೆನಿಯದೇ ಆಗಿದ್ದು, ಬೇರೆಯದನ್ನು ತಂದು ಕೂರಿಸುವುದು ಸುಲಭವಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಒಟ್ಟು ವ್ಯಾಟನ್ನು ಮಾತ್ರವಲ್ಲ, 12 ವೋಲ್ಟಿನ ಸಾಲಿಗೆ ಎಷ್ಟು ಎಂಬುದನ್ನೂ ಓದಬೇಕು. ಕಾರ್ಡು ಉಣ್ಣುವುದು ಹೆಚ್ಚಾಗಿ ಆ ಸಾಲಿನಿಂದ. ವಯಸ್ಸಾದ ಪೆಟ್ಟಿಗೆ ಬರೆದಷ್ಟನ್ನೂ ಕೊಡುತ್ತದೆಂದು ನಂಬದೆ ಒಂದಿಷ್ಟು ಉಳಿಸಿಕೊಳ್ಳುವುದು ಜಾಣತನ. ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ ಲೆಕ್ಕವೂ ಸೇರುತ್ತದೆ. ಅದರ ಮೇಲೆ ಬರೆದ 600 ವಿಎ ಎಂದರೆ 600 ವ್ಯಾಟ್ ಅಲ್ಲ. ಸಾಧಾರಣವಾಗಿ 360ರಷ್ಟು ಮಾತ್ರ.

ಎರಡನೆಯದು ಸ್ಲಾಟು. 2022ರಲ್ಲಿ ಬಂದ ಆರ್‌ಎಕ್ಸ್ 6400 ಕಾರ್ಡಿಗೆ 53 ವ್ಯಾಟ್ ಸಾಕು. ನೋಡಿದರೆ ಬಡವರ ಬಂಧು. ಆದರೆ ಹದಿನಾರು ಹಾದಿಗಳಿರುವ ಸ್ಲಾಟಿನಲ್ಲಿ ಅದು ಬಳಸುವುದು ನಾಲ್ಕನ್ನೇ. ನಾಲ್ಕನೆಯ ಪೀಳಿಗೆಯ ಹೊಸ ಮದರ್‌ಬೋರ್ಡಿನಲ್ಲಿ ಆ ನಾಲ್ಕೇ ಸಾಕಾದೀತು; ಮೂರನೆಯ ಪೀಳಿಗೆಯದರಲ್ಲಿ ಅವುಗಳ ವೇಗ ಅರ್ಧಕ್ಕೆ ಇಳಿಯುತ್ತದೆ. ಅದೇ ವರ್ಷ ಬಂದ ಇಂಟೆಲ್‌ನ ಆರ್ಕ್ ಕಾರ್ಡುಗಳು ರೀಸೈಸಬಲ್ ಬಾರ್ ಎಂಬ ಅನುಕೂಲವಿಲ್ಲದ ಹಳೆಯ ಯಂತ್ರಗಳಲ್ಲಿ ಬಹಳ ಸೊರಗುತ್ತವೆ. ಹೊಸದೆಲ್ಲ ಹಳೆಯದಕ್ಕೆ ಒದಗುವುದಿಲ್ಲ.

ಮೂರನೆಯದೇ ಓಬವ್ವನ ಕಿಂಡಿ, ಅಂದರೆ ಪ್ರೊಸೆಸರು. ಆಟದ ಪ್ರತಿಯೊಂದು ಚಿತ್ರಕ್ಕೂ ಮೊದಲು ಲೆಕ್ಕಹಾಕಿ ಕಾರ್ಡಿಗೆ ಅಪ್ಪಣೆ ಕೊಡಬೇಕಾದುದು ಅದು. ಅದು ನಿಧಾನವಾದರೆ ಕಾರ್ಡೆಂಬ ದಂಡು ಹೊರಗೆ ಸುಮ್ಮನೆ ಕಾಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ನೊಗದ ಈ ಸಂಕಟವನ್ನೇ ಹೇಳುತ್ತದೆ. ಕಿಂಡಿ ಎಲ್ಲಿದೆಯೆಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಈಗಿರುವ ಯಂತ್ರದಲ್ಲಿಯೇ ಆಟದ ಚಿತ್ರದ ರೆಸಲ್ಯೂಷನ್ನನ್ನು ತಗ್ಗಿಸಿ ನೋಡಬೇಕು. ಆಟ ಸರಾಗವಾಯಿತೆಂದರೆ ಕೊರತೆ ಚಿತ್ರ ರಚಿಸುವ ಅಂಗದ್ದು. ಹೊಸ ಕಾರ್ಡು ಫಲ ಕೊಟ್ಟೀತು. ತಗ್ಗಿಸಿದರೂ ಮೊದಲಿನಂತೆಯೇ ತಡವರಿಸಿದರೆ ಕೊರತೆ ಬೇರೆ ಕಡೆ, ಹೆಚ್ಚಾಗಿ ಪ್ರೊಸೆಸರಿನಲ್ಲಿಯೇ. ಎಷ್ಟು ಬೆಲೆಯ ಕಾರ್ಡು ತಂದರೂ ಹಣ ವ್ಯರ್ಥ.

ಬಲಕ್ಕೆ ಬಲ ಹೊಂದುವ ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡದೊಂದು ಸಾಕ್ಷಿಯುಂಟು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. 1933ರಲ್ಲಿ ಅದು ಒಮ್ಮೆ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ. ಒಳ್ಳೆಯ ಮಳೆಯ ಜೊತೆಗೆ ಭದ್ರೆಯ ನೀರೂ ಬಂದು ಸೇರಿದ ಮೇಲೆ. ಆಗ ಹಿಂದೆ ಸರಿದ ನೀರು ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ಹೊಲ ತೋಟಗಳಿಗೂ ನುಗ್ಗಿತು. ಕಟ್ಟೆ ಅಂದಿನದೇ, ಕೆಟ್ಟಿರಲಿಲ್ಲ. ಇಷ್ಟು ಕಾಲ ಅದು ತುಂಬದಿದ್ದುದು ಹೊಳೆಯ ಬಲ ಸಾಲದೆ. ಬಲ ಬಂದ ಮೇಲೆ ಅದನ್ನು ತಾಳಿಕೊಳ್ಳುವ ಪ್ರಶ್ನೆ ಬೇರೆಯೇ ಆಗಿ ಎದ್ದಿತು.

ನಮ್ಮ ಹುಡುಗ ದೊಡ್ಡ ಕಾರ್ಡಿನ ಕನಸನ್ನು ಬಿಡಬೇಕಾಗಿಲ್ಲ. ಅದಕ್ಕೆ ತಕ್ಕ ಯಂತ್ರ ಬರುವವರೆಗೆ ಮುಂದೂಡಿದರೆ ಸಾಕು. ಈಗ ಅವನು ಪೆಟ್ಟಿಗೆಯ ಮುಚ್ಚಳ ತೆಗೆದು, ಚೀಟಿಯನ್ನು ಓದಿ, ರೆಸಲ್ಯೂಷನ್ನಿನ ಪರೀಕ್ಷೆ ಮಾಡಿ, 75 ವ್ಯಾಟಿನೊಳಗಿನ ಕಾರ್ಡೊಂದನ್ನು ಆರಿಸಲಿ. ಸೆಕೆಂಡ್‌ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಹಳೆಯ ಯಂತ್ರ ಇನ್ನೂ ಕೆಲವು ವರ್ಷ ಗುಜರಿಗೆ ಹೋಗದೆ ದುಡಿದೀತು. ಅಳೆದು ನೋಡಿದ ಮಗನ ಮಾತಿಗೆ ತಂದೆಯೂ ಬೇಗ ಒಪ್ಪುತ್ತಾನೆ.