ಖಂಡುಗ: ಧಾನ್ಯದ ಅಳತೆಯೋ ನೆಲದ ಅಳತೆಯೋ?

ದಾನಶಾಸನಗಳಲ್ಲಿ ಇಷ್ಟು ಖಂಡುಗ ಗದ್ದೆಯೆಂಬ ಮಾತನ್ನು ಕಂಡೊಡನೆ ಅದನ್ನು ಎಕರೆಗೆ ತಿರುಗಿಸಿ ಲೆಕ್ಕ ಹಾಕುವ ಕ್ರಮವನ್ನು ನಾವು ಒಪ್ಪಲಾರೆವು.

ಖಂಡುಗವು ಮೂಲತಃ ಧಾನ್ಯದ ಮಾನ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವಾದರೋ ಅಳೆಯುವ ಪಾತ್ರೆ. ಅಷ್ಟು ಬೀಜ ಹಿಡಿಯುವ ನೆಲಕ್ಕೂ ಕಾಲಕ್ರಮದಲ್ಲಿ ಅದೇ ಹೆಸರು ಸಂದಿತು. ಅಮೃತಹಳ್ಳಿ, ಹೆಬ್ಬಾಳಗಳಂತಹ ಕೆರೆಯೂರುಗಳನ್ನು ನೆನೆದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಕೆರೆಯ ಕೆಳಗಣ ಗದ್ದೆಯಲ್ಲಿ ಬತ್ತದ ಬೀಜ ಒತ್ತಾಗಿ ಬೀಳುವುದು. ಮೇಲಣ ಬೆದ್ದಲಿನಲ್ಲಿ ರಾಗಿ ವಿರಳ. ಬಿ. ಎಲ್. ರೈಸರು ಮೈಸೂರು ಗೆಜೆಟಿಯರಿನಲ್ಲಿ ಕೊಟ್ಟಿರುವ ಲೆಕ್ಕದಂತೆ ಖಂಡುಗ ತರಿಗೆ 10,000 ಚದರ ಗಜ, ಖಂಡುಗ ಖುಷ್ಕಿಗೆ 64,000. ಹೆಸರೊಂದೇ, ನೆಲ ಆರುಮಡಿಗೂ ಮಿಗಿಲು! ಅದೂ 19ನೆಯ ಶತಮಾನದ ಲೆಕ್ಕ. ಅದನ್ನು ಹಳೆಯ ಶಾಸನಕ್ಕೆ ಹಚ್ಚಿ, ಗದ್ದೆ ಬೆದ್ದಲುಗಳನ್ನು ವಿವೇಚಿಸದೆ ಕೂಡಿದರೆ, ಬಡ ಗುಡಿಯೊಂದು ದೊಡ್ಡ ಭೂಸ್ವಾಮಿಯಾಗಿ ತೋರೀತು.

ಗಳೆಯಿಂದ ಅಳೆದ ಭೂಮಿಯ ಮಾತು ಬೇರೆ. ಬಳ್ಳಿಗಾವೆಯ ಭೇರುಂಡ ಗಳೆಯಂತೆ ಕೋಲು ಸ್ಥಳದಿಂದ ಸ್ಥಳಕ್ಕೆ ಭಿನ್ನವಾಗಿದ್ದರೂ ಅದು ಅಳೆದುದು ನೆಲವನ್ನೇ, ಬೀಜವನ್ನಲ್ಲ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯದ ಮೋಜಣಿ ಆರಂಭವಾದಮೇಲೆ ಕೊಳಗದ ಸ್ಥಾನಕ್ಕೆ ಸರಪಳಿ ಬಂದಿತು: 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ತರಿಯಾಗಲಿ ಖುಷ್ಕಿಯಾಗಲಿ, ಗುಂಟೆ ಗುಂಟೆಯೇ. ಅಮೃತಹಳ್ಳಿಯ ನಿವೇಶನಗಳು ಇಂದು ಚದರಡಿಯ ಲೆಕ್ಕದಲ್ಲಿ ಕೈ ಬದಲಾಯಿಸುತ್ತವೆ. ಗುಂಟೆ ಪಹಣಿಯಲ್ಲಿ ಉಳಿದಿದೆ, ಖಂಡುಗ ಅಲ್ಲಿಯೂ ಇಲ್ಲ.