ಸರ್ರಾ ರೋಗ ಮತ್ತು ಗ್ರಿಫಿತ್ ಎವಾನ್ಸ್: ಒಬ್ಬ ಸೇನಾ ಪಶುವೈದ್ಯನ ರೋಗಶಾಸ್ತ್ರ

ಪ್ರಾಣಿಗಳ ರಕ್ತದಲ್ಲಿ ಟ್ರೈಪನೊಸೋಮ್ ಎಂಬ ಏಕಕೋಶ ಜೀವಿ ಬದುಕಬಲ್ಲುದು ಎಂಬ ಸಂಗತಿ ವಿಜ್ಞಾನಕ್ಕೆ ತಿಳಿದದ್ದು 1841ರಲ್ಲಿ. ಆ ವರ್ಷ ವ್ಯಾಲೆಂಟಿನ್ ಅದನ್ನು ಟ್ರೌಟ್ ಮೀನಿನ ರಕ್ತದಲ್ಲಿ ಕಂಡ. ಎರಡು ವರ್ಷದ ನಂತರ ಗ್ರೂಬಿ ಕಪ್ಪೆಯ ರಕ್ತದಲ್ಲಿ ಕಂಡು ಅದಕ್ಕೆ ಹೆಸರಿಟ್ಟ. ಮುಂದೆ ಸುಮಾರು ನಾಲ್ಕು ದಶಕ ಅದು ಸೂಕ್ಷ್ಮದರ್ಶಕದ ಕುತೂಹಲವಾಗಿಯೇ ಉಳಿಯಿತು. ಅದು ಪ್ರಾಣಿಗೆ ರೋಗ ತರುತ್ತದೆ, ಕೊಲ್ಲುತ್ತದೆ ಎಂದು ಪ್ರಯೋಗದ ಬಲದಿಂದ ಮೊದಲು ಹೇಳಿದವನು ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಎವಾನ್ಸ್. ಹೇಳಿದ್ದು 1880ರಲ್ಲಿ, ಸಿಂಧೂ ನದಿಯ ಪಶ್ಚಿಮ ದಡದ ಗಡಿ ಠಾಣೆಯಾದ ಡೇರಾ ಇಸ್ಮಾಯಿಲ್ ಖಾನ್‌ನಿಂದ.

ಉಷ್ಣವಲಯದ ವೈದ್ಯಕೀಯದ ಇತಿಹಾಸಗಳು ಎವಾನ್ಸ್‌ನಿಗೆ ಸಾಮಾನ್ಯವಾಗಿ ಒಂದು ಸಾಲು ಕೊಟ್ಟು, ಮುಂದೆ ಆಫ್ರಿಕಾದಲ್ಲಿ ಇಂಥದೇ ಕೆಲಸ ಮಾಡಿದ ಡೇವಿಡ್ ಬ್ರೂಸ್‌ನ ಕಡೆಗೆ ಸಾಗಿಬಿಡುತ್ತವೆ. ಅದೃಷ್ಟವಶಾತ್ ಏನನ್ನೋ ಕಂಡ ಪೂರ್ವಸೂರಿ ಎಂಬುದು ಅವನಿಗೆ ಸಿಕ್ಕಿರುವ ಸ್ಥಾನ. ಇದು ಅನ್ಯಾಯದ ಚಿತ್ರಣ ಎಂಬುದು ಈ ಲೇಖನದ ವಾದ. ಎವಾನ್ಸ್ ಪರೋಪಜೀವಿಯನ್ನು ಬರಿದೆ ಕಂಡವನಲ್ಲ. ಅದೇ ರೋಗಕಾರಣ ಎಂದು ತೋರಿಸಲು ಬೇಕಾದ ಕ್ರಮವನ್ನು ತನ್ನ ವೃತ್ತಿಯೊಳಗಿಂದಲೇ ಕಟ್ಟಿಕೊಂಡವನು. ಆ ಕ್ರಮ ಹುಟ್ಟಿದ್ದು ಸೇನೆಯ ಕುದುರೆ ಲಾಯದಲ್ಲಿ.

ಎವಾನ್ಸ್ ಹುಟ್ಟಿದ್ದು 1835ರ ಆಗಸ್ಟ್ 7ರಂದು, ವೇಲ್ಸ್‌ನ ಕರಾವಳಿಯ ಟವಿನ್ ಊರಿನ ಹತ್ತಿರ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಿಂದ 1855ರಲ್ಲಿ ಡಿಪ್ಲೊಮಾ ಪಡೆದು, ಕೆಲಕಾಲ ಖಾಸಗಿಯಾಗಿ ವೃತ್ತಿ ನಡೆಸಿ, 1860ರಲ್ಲಿ ರಾಯಲ್ ಆರ್ಟಿಲರಿಗೆ ಪಶುವೈದ್ಯನಾಗಿ ಸೇರಿದ. ಮರುವರ್ಷವೇ ಅವನ ದಳ ಕೆನಡಾಕ್ಕೆ ಹೋಯಿತು. ಮಾಂಟ್ರಿಯಲ್‌ನಲ್ಲಿದ್ದಾಗ ಅವನು ಮಾಡಿದ ಒಂದು ಕೆಲಸ ಮುಂದಿನದಕ್ಕೆಲ್ಲ ತಳಹದಿಯಾಯಿತು. ಸೇನಾ ಕೆಲಸದ ಜೊತೆಜೊತೆಗೇ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ವೈದ್ಯಕೀಯ ಓದಿ, 1864ರಲ್ಲಿ ಎಂ.ಡಿ. ಪದವಿ ಪಡೆದ. ಅದೇ ವರ್ಷ ಅಂತರ್ಯುದ್ಧದಲ್ಲಿ ಮುಳುಗಿದ್ದ ಅಮೆರಿಕಕ್ಕೆ ಹೋಗಿ ಅಬ್ರಹಾಂ ಲಿಂಕನ್‌ನನ್ನು ಭೇಟಿಯಾದ; ಉತ್ತರದವರ ಸೇನೆಯನ್ನೂ ನೋಡಿಬಂದ. ಅವನ ಜೀವನಚಿತ್ರಗಳಲ್ಲೆಲ್ಲ ಲಿಂಕನ್ ಭೇಟಿಯೇ ಹೆಚ್ಚು ಜಾಗ ಹಿಡಿಯುತ್ತದೆ. ನನ್ನ ಮಟ್ಟಿಗೆ ಮೆಕ್‌ಗಿಲ್‌ನ ಪದವಿ ಅದಕ್ಕಿಂತ ದೊಡ್ಡ ಘಟನೆ. ಪಶುವೈದ್ಯರನ್ನು ವೈದ್ಯರ ಸಾಲಿನಲ್ಲಿ ಕೂರಿಸದ ಆ ಕಾಲದಲ್ಲಿ ಎರಡೂ ವಿದ್ಯೆ ಬಲ್ಲ ಅಧಿಕಾರಿಗಳು ತೀರ ವಿರಳ.

1877ರಲ್ಲಿ ಅವನನ್ನು ಭಾರತಕ್ಕೆ ಕಳಿಸಲಾಯಿತು. ಮೊದಲು ಎದುರಾದದ್ದು ಪಂಜಾಬಿನ ಸೇನಾ ಕುದುರೆಗಳನ್ನು ದಿಢೀರನೆ ಕೆಡಹುತ್ತಿದ್ದ ಕಾಯಿಲೆ. ಎವಾನ್ಸ್ ಸತ್ತ ಕುದುರೆಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನಮ್ಮಲ್ಲಿ ನೆರಡಿ ಎಂದು ಕರೆಯುವ ಆಂಥ್ರಾಕ್ಸ್ ಅದು ಎಂದು ಗುರುತಿಸಿದ. ರಾಬರ್ಟ್ ಕಾಖ್ ಆಂಥ್ರಾಕ್ಸ್ ಬ್ಯಾಸಿಲಸ್‌ನ ಜೀವನಚಕ್ರವನ್ನು ಪ್ರಕಟಿಸಿದ್ದು 1876ರಲ್ಲಿ. ಯುರೋಪಿನಲ್ಲೇ ಹಲವರು ಇನ್ನೂ ಒಪ್ಪದಿದ್ದ ವಿಚಾರವನ್ನು ಪಂಜಾಬಿನ ಠಾಣೆಯೊಂದರಲ್ಲಿ ಬಳಕೆಗೆ ತಂದ ಈ ಅನುಭವ ಎವಾನ್ಸ್‌ನಿಗೆ ಒಂದು ಅಭ್ಯಾಸ ಕಲಿಸಿತು: ಶವವನ್ನು ತೆರೆದು ನೋಡುವುದರ ಜೊತೆಗೆ ಪ್ರಾಣಿ ಬದುಕಿರುವಾಗಲೇ ಅದರ ರಕ್ತವನ್ನು ಮತ್ತೆಮತ್ತೆ ನೋಡುವುದು.

ಎರಡನೆಯ ಆಫ್ಘನ್ ಯುದ್ಧ 1878ರಿಂದ 1880ರವರೆಗೆ ನಡೆಯಿತು. ಪರ್ವತ ದಾಟಿ ಸಾಮಗ್ರಿ ಹೊರುವ ಕೆಲಸವೆಲ್ಲ ಒಂಟೆಗಳದು. ಆ ಯುದ್ಧದಲ್ಲಿ ಸತ್ತ ಒಂಟೆಗಳು ಹತ್ತಾರು ಸಾವಿರ. ಅತಿದುಡಿಮೆ, ಚಳಿ, ಮೇವಿಲ್ಲದಿರುವಿಕೆಯೇ ಬಹುಪಾಲು ಸಾವಿಗೆ ಕಾರಣ. ರೋಗವೂ ತನ್ನ ಪಾಲು ಪಡೆಯಿತು. ಗಡಿಯ ಅಶ್ವದಳಗಳ ಕುದುರೆಗಳಿಗೂ ಅದೇ ಕಾಯಿಲೆ ತಗುಲುತ್ತಿತ್ತು. ಸ್ಥಳೀಯರು ಅದನ್ನು ಸರ್ರಾ ಎನ್ನುತ್ತಿದ್ದರು. ಜ್ವರ ಬರುವುದು, ಬಿಡುವುದು, ಮತ್ತೆ ಬರುವುದು. ಕಣ್ಣು ಒಸಡುಗಳು ಬಿಳಿಚಿಕೊಳ್ಳುವುದು. ಕಾಲಿಗೂ ಹೊಟ್ಟೆಯ ಅಡಿಗೂ ನೀರು ತುಂಬುವುದು. ಮೇವು ತಿನ್ನುತ್ತಲೇ ಇದ್ದರೂ ಮೈ ಸೊರಗುವುದು. ಕೊನೆಕೊನೆಗೆ ಹಿಂಗಾಲು ತೊಡರುವುದು. ಕುದುರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ ಸಾಯುತ್ತಿತ್ತು. ಒಂಟೆ ವರ್ಷಗಟ್ಟಲೆ ನರಳಿ ಸಾಯುವುದೂ ಇತ್ತು. ಇದರ ತನಿಖೆಗೆ ಪಂಜಾಬ್ ಸರಕಾರ 1880ರಲ್ಲಿ ಎವಾನ್ಸ್‌ನನ್ನು ನೇಮಿಸಿತು.

ರೋಗಿ ಕುದುರೆಗಳ ತಾಜಾ ರಕ್ತದ ಹನಿಯಲ್ಲಿ ಅವನಿಗೆ ಕೆಂಪು ರಕ್ತಕಣಗಳ ನಡುವೆ ಚುರುಕಾಗಿ ಹೊರಳಾಡುವ, ಕಣಗಳನ್ನು ತಳ್ಳಿಕೊಂಡು ಸಾಗುವ ಉದ್ದನೆಯ ಜೀವಿಗಳು ಕಂಡವು. ಇವು ಸಿಕ್ಕವೆಂದು ಘೋಷಿಸಿ ಸುಮ್ಮನಾಗಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ರೋಗಗ್ರಸ್ತ ರಕ್ತವನ್ನು ಆರೋಗ್ಯವಂತ ಕುದುರೆಗೂ ನಾಯಿಗೂ ದಾಟಿಸಿದ. ಚರ್ಮದಡಿ ಚುಚ್ಚಿಯೂ ನೋಡಿದ, ಬಾಯಿಯ ಮೂಲಕ ಕುಡಿಸಿಯೂ ನೋಡಿದ. ಕೆಲವು ದಿನಗಳ ನಂತರ ಅವುಗಳ ರಕ್ತದಲ್ಲೂ ಅದೇ ಜೀವಿ, ಅವುಗಳಿಗೂ ಅದೇ ಜ್ವರ.

ಇಲ್ಲಿ ಸೇನಾ ವ್ಯವಸ್ಥೆಯ ಪಾತ್ರವನ್ನು ಗಮನಿಸಬೇಕು. ಊರಿನ ಪಶುವೈದ್ಯನ ಮುಂದೆ ಬರುವುದು ಒಬ್ಬೊಬ್ಬ ಮಾಲೀಕನ ಒಂದೊಂದು ಪ್ರಾಣಿ. ಅದನ್ನು ಉಳಿಸಿಕೊಡಬೇಕು ಎಂಬುದಷ್ಟೇ ಅವನಿಗಿರುವ ಅಪ್ಪಣೆ. ಸೇನಾ ಪಶುವೈದ್ಯನಿಗೆ ಒಂದೇ ನೀರು, ಒಂದೇ ಮೇವು, ಒಂದೇ ಲಾಯದ ನೂರಾರು ಕುದುರೆಗಳು ಸಿಗುತ್ತವೆ. ಪ್ರತಿಯೊಂದರ ದಾಖಲೆ ಇರುತ್ತದೆ. ಗುಣವಾಗದ್ದನ್ನು ಕೊಲ್ಲಿಸುವ, ಸತ್ತದ್ದನ್ನು ಕೊಯ್ದು ನೋಡುವ, ಬೇಕೆನಿಸಿದರೆ ಆರೋಗ್ಯವಂತ ಪ್ರಾಣಿಗೆ ರೋಗ ದಾಟಿಸುವ ಅಧಿಕಾರವೂ ಇರುತ್ತದೆ. ಕ್ರೂರವಾದರೂ ನಿಜ: ಮನುಷ್ಯರ ವೈದ್ಯನಿಗೆ ಎಂದೂ ದೊರೆಯದ ಪ್ರಯೋಗಾವಕಾಶ ಅದು. ಎವಾನ್ಸ್ ಅದನ್ನು ಬಳಸಿಕೊಂಡ ಬಗೆ ಮಾತ್ರ ಅವನ ಸ್ವಂತದ್ದು.

ಇನ್ನೊಂದು ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಂದು ಬಣ್ಣದ ದೊಡ್ಡ ನೊಣಗಳು ಕಚ್ಚಿದ್ದರಿಂದ ಸರ್ರಾ ಬರುತ್ತದೆ ಎಂದು ಅಲ್ಲಿನ ಜನ ನಂಬಿದ್ದರು. ಎವಾನ್ಸ್ ಈ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ದಾಖಲಿಸಿದ. ರಕ್ತದಿಂದ ರಕ್ತಕ್ಕೆ ದಾಟುವ ರೋಗವನ್ನು ರಕ್ತ ಹೀರುವ ನೊಣ ಸಾಗಿಸಬಲ್ಲುದು ಎಂಬ ಊಹೆ ಅವನಿಗೆ ಒಪ್ಪಿಗೆಯಾಗಿತ್ತು. ಕುದುರೆ, ಒಂಟೆಗಳ ಜೊತೆ ಜೀವಮಾನ ಕಳೆದವರ ಕಣ್ಣು ಕಂಡದ್ದಕ್ಕೆ ಆ ಕಾಲದ ವಸಾಹತು ವರದಿಗಳಲ್ಲಿ ಇಂಥ ಗೌರವ ಸಿಗುವುದು ಅಪರೂಪ.

ವರದಿಗೆ ಸಿಕ್ಕ ಸ್ವಾಗತ ಬೇರೆಯೇ ಆಗಿತ್ತು. ಕಲ್ಕತ್ತೆಯಲ್ಲಿ ಸರಕಾರಕ್ಕೆ ವೈಜ್ಞಾನಿಕ ಸಲಹೆ ಕೊಡುತ್ತಿದ್ದವರು ಟಿಮೊಥಿ ಲೂಯಿಸ್ ಮತ್ತು ಡಿ. ಡಿ. ಕನಿಂಗ್‌ಹ್ಯಾಮ್. ಇಬ್ಬರೂ ಸೇನಾ ವೈದ್ಯರು, ಇಬ್ಬರೂ ನುರಿತ ಸೂಕ್ಷ್ಮದರ್ಶಕ ಪರಿಣತರು. ಮನುಷ್ಯರ ರಕ್ತದಲ್ಲಿ ಆನೆಕಾಲು ರೋಗದ ಸೂಕ್ಷ್ಮ ಹುಳುಗಳನ್ನು 1872ರಲ್ಲಿ ಕಂಡವನು ಇದೇ ಲೂಯಿಸ್. ಎವಾನ್ಸ್‌ನಂತೆ ಅವನೂ ವೇಲ್ಸ್‌ನವನು. 1878ರಲ್ಲಿ ಅವನು ಕಲ್ಕತ್ತೆಯ ಇಲಿಗಳ ರಕ್ತದಲ್ಲಿ ಟ್ರೈಪನೊಸೋಮ್‌ಗಳನ್ನು ಕಂಡಿದ್ದ. ಆ ಇಲಿಗಳು ಆರೋಗ್ಯವಾಗಿಯೇ ಇದ್ದವು. ಹಾಗಾಗಿ ಎವಾನ್ಸ್‌ನ ಕುದುರೆಗಳಲ್ಲಿ ಕಂಡದ್ದೂ ಅಂಥದೇ ನಿರುಪದ್ರವಿ ಜೀವಿ, ರೋಗಕ್ಕೆ ಕಾರಣ ಬೇರೆ ಇರಬೇಕು ಎಂದು ಅವರು ತೀರ್ಮಾನಿಸಿದರು.

ಲೂಯಿಸ್‌ನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ಸರಿಯಲ್ಲ. ತಾನು ಕಂಡದ್ದರಿಂದ ಅವನು ಹೊರಡಿಸಿದ ತರ್ಕದಲ್ಲಿ ಅಪ್ರಾಮಾಣಿಕತೆ ಇರಲಿಲ್ಲ. ಇಲಿಯ ಆ ಜೀವಿ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ, ಇಲಿಗೆ ಹೆಚ್ಚಿನ ತೊಂದರೆಯನ್ನೂ ಮಾಡುವುದಿಲ್ಲ. ತಪ್ಪಿದ್ದು ಬೇರೆಡೆ. ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಹೊಂದಿಸುವಾಗ ಎವಾನ್ಸ್‌ನ ದಾಟಿಸುವ ಪ್ರಯೋಗವನ್ನು ಅವರು ತೂಗಿ ನೋಡಲಿಲ್ಲ. ಆ ಹೊತ್ತಿನ ಭಾರತದ ಸರಕಾರಿ ವೈದ್ಯಕೀಯ ಹವಾಮಾನ, ಮಣ್ಣು, ಕೊಳಕಿನ ಸಿದ್ಧಾಂತಗಳಿಗೆ ಅಂಟಿಕೊಂಡಿತ್ತು. ಕಾಖ್ ಕಲ್ಕತ್ತೆಗೆ ಬಂದು 1884ರಲ್ಲಿ ಕಾಲರಾ ಬ್ಯಾಸಿಲಸ್ ತೋರಿಸಿದ ಮೇಲೂ ಕನಿಂಗ್‌ಹ್ಯಾಮ್ ಅದನ್ನು ಕಾರಣವೆಂದು ಒಪ್ಪಲಿಲ್ಲ. ಅಂಥ ವಾತಾವರಣದಲ್ಲಿ ಪಶುವೈದ್ಯನೊಬ್ಬನ ಮಾತಿಗೆ ಎಷ್ಟು ಬೆಲೆ? ರಕ್ತದಲ್ಲಿ ಬದುಕುವ ಏಕಕೋಶ ಜೀವಿ ಜ್ವರಕ್ಕೆ ಕಾರಣ ಎಂಬ ಕಲ್ಪನೆಯೇ ಹೊಸದು. ಲ್ಯಾವೆರಾನ್ ಆಲ್ಜೀರಿಯಾದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದೂ ಅದೇ 1880ರ ನವೆಂಬರಿನಲ್ಲಿ, ಅವನನ್ನೂ ಹಲವು ವರ್ಷ ಹೆಚ್ಚಿನವರು ನಂಬಲಿಲ್ಲ.

ಎವಾನ್ಸ್‌ನ ಕೆಲಸ ನಿಂತದ್ದು ವಾದದಲ್ಲಿ ಸೋತದ್ದರಿಂದಲ್ಲ, ವರ್ಗಾವಣೆಯಿಂದ. ಮದ್ರಾಸ್ ಪ್ರಾಂತ್ಯಕ್ಕೆ ಬಂದವನಿಗೆ ಸರ್ರಾ ಕುದುರೆಗಳು ದೂರವಾದವು. 1885ರಲ್ಲಿ ಭಾರತ ಬಿಟ್ಟ. ಅದೇ ವರ್ಷ ಮತ್ತೊಬ್ಬ ಸೇನಾ ಪಶುವೈದ್ಯ, ಜಾನ್ ಹೆನ್ರಿ ಸ್ಟೀಲ್, ಬರ್ಮಾದ ಸಾಗಣೆ ಹೇಸರಗತ್ತೆಗಳಲ್ಲಿ ಅದೇ ರೋಗವನ್ನೂ ಅದೇ ಜೀವಿಯನ್ನೂ ಕಂಡ. ಸ್ಟೀಲ್ ಅದನ್ನು ಸ್ಪೈರೋಕೀಟ್ (ಸುರುಳಿಯಾಕಾರದ ಬ್ಯಾಕ್ಟೀರಿಯಾ) ಎಂದು ತಪ್ಪಾಗಿ ವರ್ಗೀಕರಿಸಿದರೂ ಎವಾನ್ಸ್‌ನ ಹೆಸರನ್ನು ಅದಕ್ಕೆ ಕೊಟ್ಟ. ವರ್ಗ ತಿದ್ದುಪಡಿಯಾಗಿ ಇಂದು ಅದು ಟ್ರೈಪನೊಸೋಮ ಎವಾನ್ಸಿ. ಬಾಂಬೆ ವೆಟರ್ನರಿ ಕಾಲೇಜನ್ನು 1886ರಲ್ಲಿ ಕಟ್ಟಿದವನೂ ಇದೇ ಸ್ಟೀಲ್.

ಆಫ್ರಿಕಾದ ಜುಲುಲ್ಯಾಂಡ್‌ನಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್ 1894-95ರಲ್ಲಿ ದನಗಳ ನಗಾನಾ ರೋಗಕ್ಕೆ ಟ್ರೈಪನೊಸೋಮ್ ಕಾರಣ, ಅದನ್ನು ಹರಡುವುದು ತ್ಸೆತ್ಸೆ ನೊಣ ಎಂದು ತೋರಿಸಿದ ನಂತರವೇ ಎವಾನ್ಸ್‌ನ ಹಳೆಯ ವರದಿಯ ಬೆಲೆ ಜಗತ್ತಿಗೆ ತಿಳಿಯಿತು. 1901ರಲ್ಲಿ ಲಿಯೊನಾರ್ಡ್ ರೋಜರ್ಸ್ ಸರ್ರಾ ರೋಗವನ್ನು ಕುದುರೆ ನೊಣಗಳು ದಾಟಿಸುತ್ತವೆಂದು ಪ್ರಯೋಗದಿಂದ ತೋರಿಸಿದ. ನೊಣ ಒಂದು ಪ್ರಾಣಿಯ ರಕ್ತ ಹೀರುತ್ತಿರುವಾಗ ಅಡ್ಡಿಯಾದರೆ ಹಾರಿ ಇನ್ನೊಂದರ ಮೇಲೆ ಕೂರುತ್ತದೆ. ಬಾಯಿಗೆ ಅಂಟಿದ ಹಸಿ ರಕ್ತ ಸಾಕು. ಡೇರಾ ಇಸ್ಮಾಯಿಲ್ ಖಾನ್‌ನ ಜನ ಹೇಳಿದ್ದೂ ಅದನ್ನೇ. ಅದೇ ವರ್ಷ ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೇನೆಯ ಕುದುರೆಗಳಲ್ಲಿ ಸರ್ರಾ ಕಾಣಿಸಿಕೊಂಡಾಗ ಇಪ್ಪತ್ತೊಂದು ವರ್ಷದ ಹಿಂದಿನ ಪಂಜಾಬಿನ ಸಂಶೋಧನೆ ಹೊಸ ತುರ್ತು ಪಡೆಯಿತು.

ಎವಾನ್ಸ್ 1890ರಲ್ಲಿ ಸೇನೆಯಿಂದ ನಿವೃತ್ತನಾಗಿ ಬ್ಯಾಂಗರ್‌ನಲ್ಲಿ ನೆಲೆಸಿ, ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸುಮಾರು ಇಪ್ಪತ್ತು ವರ್ಷ ಪಶು ಆರೋಗ್ಯದ ಪಾಠ ಹೇಳಿದ. ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆ ಮೇರಿ ಕಿಂಗ್ಸ್‌ಲಿ ಪದಕ ಕೊಟ್ಟಾಗ ಅದು 1917, ಅವನಿಗೆ 82ನೆಯ ವಯಸ್ಸು. ಮರುವರ್ಷ ಪಶುವೈದ್ಯರ ರಾಯಲ್ ಕಾಲೇಜು ಜಾನ್ ಹೆನ್ರಿ ಸ್ಟೀಲ್ ಪದಕ ನೀಡಿತು. ಬರ್ಮಾದಲ್ಲಿ ಅವನ ಮಾತನ್ನು ಸಮರ್ಥಿಸಿ, 1891ರಲ್ಲೇ ತೀರಿಕೊಂಡಿದ್ದ ಕಿರಿಯ ಸಹೋದ್ಯೋಗಿಯ ನೆನಪಿನ ಪದಕ ಅದು. ನೂರು ತುಂಬಿದ ನಾಲ್ಕು ತಿಂಗಳಿಗೆ, 1935ರ ಡಿಸೆಂಬರಿನಲ್ಲಿ, ಎವಾನ್ಸ್ ಬ್ಯಾಂಗರ್‌ನಲ್ಲೇ ತೀರಿಕೊಂಡ.

ಸರ್ರಾದ ಜ್ವರ ಏಕೆ ಬಂದು, ಬಿಟ್ಟು, ಮತ್ತೆ ಬರುತ್ತದೆ ಎಂಬುದಕ್ಕೆ ವಿವರಣೆ ಸಿಕ್ಕಿದ್ದು ಎವಾನ್ಸ್‌ನ ಕಾಲದ ಎಷ್ಟೋ ನಂತರ. ಈ ಜೀವಿಯ ಮೈಮೇಲೆ ಒಂದು ಪ್ರೊಟೀನಿನ ಹೊದಿಕೆಯಿದೆ. ಪ್ರಾಣಿಯ ದೇಹ ಅದನ್ನು ಗುರುತಿಸಿ ಪ್ರತಿಕಾಯಗಳಿಂದ ದಾಳಿ ಮಾಡುವಷ್ಟರಲ್ಲಿ ಕೆಲವು ಜೀವಿಗಳು ಬೇರೆ ಹೊದಿಕೆ ತೊಟ್ಟಿರುತ್ತವೆ. ಅವು ಮತ್ತೆ ಬೆಳೆಯುತ್ತವೆ. ಜ್ವರ ಅಲೆಅಲೆಯಾಗಿ ಬರುವುದೂ, ಇಂದು ರಕ್ತದಲ್ಲಿ ಕಿಕ್ಕಿರಿದ ಪರೋಪಜೀವಿ ನಾಲ್ಕು ದಿನ ಬಿಟ್ಟು ನೋಡಿದರೆ ಸಿಗದಿರುವುದೂ ಇದರಿಂದಲೇ. ಆಫ್ರಿಕಾದ ಸಂಬಂಧಿಗಳಂತೆ ತ್ಸೆತ್ಸೆ ನೊಣದೊಳಗೆ ಬೆಳೆಯಲು ಬೇಕಾದ, ಮೈಟೊಕಾಂಡ್ರಿಯದೊಳಗಿನ ಕೈನೆಟೊಪ್ಲಾಸ್ಟ್ ಡಿಎನ್ಎಯ ಮುಖ್ಯ ಭಾಗ ಎವಾನ್ಸಿಯಲ್ಲಿ ಕಳೆದುಹೋಗಿದೆ. ಆದ್ದರಿಂದ ಯಾವ ಕಚ್ಚುವ ನೊಣವಾದರೂ ಅದಕ್ಕೆ ಆದೀತು; ತ್ಸೆತ್ಸೆ ಇಲ್ಲದ ಏಷ್ಯಾಕ್ಕೂ ದಕ್ಷಿಣ ಅಮೆರಿಕಕ್ಕೂ ಅದು ಹಬ್ಬಿದ್ದು ಹಾಗೆ. 2006ರಲ್ಲಿ ಫ್ರಾನ್ಸ್‌ಗೂ ಒಂಟೆಗಳೊಂದಿಗೆ ಬಂದಿಳಿಯಿತು.

ಭಾರತದಲ್ಲಿ ಈಗ ಅದರ ದೊಡ್ಡ ಆಸರೆ ದನ, ಎಮ್ಮೆಗಳು. ಇವುಗಳಲ್ಲಿ ರೋಗ ಹಲವೊಮ್ಮೆ ಸದ್ದಿಲ್ಲದೆ ಇರುತ್ತದೆ. ಹಾಲು ಇಳಿದಾಗ, ಗಬ್ಬ ಕಂದಿದಾಗ ಮಾತ್ರ ಅನುಮಾನ ಹುಟ್ಟುತ್ತದೆ. ರಕ್ತಲೇಪನದಲ್ಲಿ ಜೀವಿ ಕಾಣದ ಇಂಥ ಪ್ರಾಣಿಗಳನ್ನು ಪ್ರತಿಕಾಯದ ಮೂಲಕ ಪತ್ತೆಹಚ್ಚುವ ಪರೀಕ್ಷೆಗಳ ಮೇಲೆ ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಕೆಲಸ ಮಾಡಿದೆ.

ಮನುಷ್ಯನಿಗೆ ಇದು ತಗುಲುವುದಿಲ್ಲ ಎಂಬ ನಂಬಿಕೆ 2004ರಲ್ಲಿ ಅಲುಗಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಜ್ವರ ಬರುತ್ತಿತ್ತು; ರಕ್ತದಲ್ಲಿ ಟ್ರೈಪನೊಸೋಮ ಎವಾನ್ಸಿ ಕಾಣುತ್ತಿತ್ತು, ಮಾಯವಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಸುರಮಿನ್ ಔಷಧದಿಂದ ಅವರು ಗುಣವಾದರು. ಮನುಷ್ಯರ ಸೀರಂನಲ್ಲಿ ಈ ಜೀವಿಯನ್ನು ಕೊಲ್ಲುವ ಎಪಿಒಎಲ್1 ಎಂಬ ಪ್ರೊಟೀನ್ ಅವರಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಅದರ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದವು ಎಂದು 2006ರಲ್ಲಿ ತಿಳಿದುಬಂತು. ಅವರ ಊರಿನ 1,806 ಜನರ ರಕ್ತವನ್ನು ಪರೀಕ್ಷಿಸಲಾಯಿತು. ಹಲವರಲ್ಲಿ ಪ್ರತಿಕಾಯದ ಗುರುತು ಸಿಕ್ಕಿತು. ಅದು ಪ್ರಬಲವಾಗಿದ್ದ 60 ಮಂದಿಯ ರಕ್ತವನ್ನು ಮತ್ತೆ ಹುಡುಕಿದರೂ ಜೀವಿ ಸಿಗಲಿಲ್ಲ. ಪರೋಪಜೀವಿ ಒಂದೇ ಇದ್ದರೂ ಅದು ಯಾವ ದೇಹದಲ್ಲಿ ನಿರುಪದ್ರವಿ, ಯಾವ ದೇಹದಲ್ಲಿ ಮಾರಕ ಎಂಬ ಪ್ರಶ್ನೆಗೆ ಈ ಒಬ್ಬ ರೋಗಿ ಅಣುಮಟ್ಟದ ಉತ್ತರ ಕೊಡಿಸಿದರು. ಕುದುರೆ ಸಾಯುವಾಗ ಅದೇ ಕೊಟ್ಟಿಗೆಯ ದನ ಏಕೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಉತ್ತರ ಇನ್ನೂ ಬರಬೇಕಿದೆ.